ಡಿಗ್ರಿ ಮುಗೀತು, ನೌಕರಿ ಹತ್ತಲಿಲ್ಲ: ಮೊದಲ ಒಂದು ವರ್ಷ ಹೀಗೆ ಮಾಡಿ

"ತಮ್ಮಾ, ಈಗ ಏನ್ ಮಾಡಾಕತ್ತಿ?"

ಮದುವೆ ಮನೆಯಲ್ಲಿ ಊಟಕ್ಕೆ ಕೂತಿರುತ್ತೀರಿ, ಎಲೆಗೆ ಬುಂದಿ ಈಗಷ್ಟೇ ಬಿದ್ದಿರುತ್ತೆ, ಪಕ್ಕದ ಕಾಕಾ ಈ ಪ್ರಶ್ನೆ ಕೇಳೇ ಬಿಡುತ್ತಾರೆ. "ಓದಾಕತ್ತೀನ್ರೀ ಕಾಕಾ" ಅಂತ ನಾನು ಮೂರು ವರ್ಷ ಹೇಳಿದ್ದೇನೆ. ಮೊದಲ ವರ್ಷ ಅದು ನಿಜ ಇತ್ತು. ಎರಡನೇ ವರ್ಷ ಅರ್ಧ ನಿಜ. ಮೂರನೇ ವರ್ಷ ಮದುವೆಗೆ ಹೋಗುವುದನ್ನೇ ಬಿಟ್ಟೆ.

ವಿಜಯಪುರ ಜಿಲ್ಲೆಯ ಹಳ್ಳಿಯವನು ನಾನು, ಬಿ.ಕಾಂ. ಸರ್ಕಾರಿ ನೌಕರಿ ಸಿಗಲಿಲ್ಲ, ಈಗ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದೇನೆ. ದೊಡ್ಡ ಸಾಧನೆ ಏನಲ್ಲ. ಆದರೆ ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ಊರಿನ ಹುಡುಗ ಹುಡುಗಿಯರು ಫೋನ್ ಮಾಡಿ "ಅಣ್ಣಾ, ಮುಂದೇನು" ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅದೇ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಮೊದಲು ಒಂದು ಮಾತು. ಕೆಲಸ ಸಿಗದೇ ಇರುವುದಕ್ಕೆ ನೀವು ದಡ್ಡರು ಅನ್ನುವುದು ಕಾರಣ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಭಾರತದ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 2022ರಲ್ಲಿ ನಮ್ಮ ದೇಶದ ಪದವೀಧರ ಯುವಕರಲ್ಲಿ ನಿರುದ್ಯೋಗ ಶೇ. 29.1. ಓದು ಬರಹ ಬಾರದ ಯುವಕರಲ್ಲಿ ಶೇ. 3.4. ಓದಿದಷ್ಟೂ ಖಾಲಿ ಕೂರುವುದು ಜಾಸ್ತಿ, ವಿಚಿತ್ರ ಅಲ್ವಾ? ವಿಚಿತ್ರ ಏನಿಲ್ಲ, ಓದದವನು ಬೆಳಿಗ್ಗೆ ಸಿಕ್ಕ ಕೂಲಿಗೆ ಹೋಗದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯಲ್ಲ, ನಮಗಾದರೆ ಅಪ್ಪ ಇನ್ನೊಂದು ವರ್ಷ ಹೇಗೋ ದುಡ್ಡು ಹೊಂದಿಸಿ ಕಳಿಸುತ್ತಾನೆ, ಹಾಗಾಗಿ ನಾವು ಕಾಯುತ್ತೇವೆ. ಕಾಯುವುದೇ ಒಂದು ಕೆಲಸ ಆಗಿಬಿಡುತ್ತೆ. "ನಂಬಿಕೆ ಇಡು, ಆಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಯಾವ ತಾರೀಖಿನವರೆಗೆ ಅಂತ ಮಾತ್ರ ಯಾರೂ ಹೇಳಲ್ಲ. ಆ ತಾರೀಖನ್ನು ನೀವೇ ಹಾಕಿಕೊಳ್ಳಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲ ತಿಂಗಳು ಬರೀ ಕಾಗದ ಪತ್ರ

ಇದು ಬೇಜಾರಿನ ಕೆಲಸ, ಆದರೆ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ. ಪರೀಕ್ಷೆಯಲ್ಲಿ ಪಾಸಾಗಿ ದಾಖಲಾತಿ ಪರಿಶೀಲನೆಯಲ್ಲಿ ಬಿದ್ದು ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ರೂಮ್‌ಮೇಟ್ ಒಬ್ಬನ ಗ್ರಾಮೀಣ ಪ್ರಮಾಣಪತ್ರದ ಮೇಲಿನ ತಾರೀಖು ಅರ್ಜಿಯ ಕೊನೆ ದಿನದ ನಂತರದ್ದಾಗಿತ್ತು, ಬರೀ ನಾಲ್ಕು ದಿನ. ಆ ನಾಲ್ಕು ದಿನಕ್ಕೆ ಅವನ ಗ್ರಾಮೀಣ ಮೀಸಲಾತಿ ಹೋಯಿತು, ಅದರ ಜೊತೆ ಹುದ್ದೆಯೂ ಹೋಯಿತು.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ ಸಿಗುತ್ತೆ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಆಗಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. ಪ್ರೈಮರಿ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಕಡೆ ಓಡಾಡಬೇಕಾಗುತ್ತೆ. ಬೇಸಿಗೆ ರಜೆಯಲ್ಲಿ ಹೋದರೆ ಶಾಲೆಗೆ ಬೀಗ ಇರುತ್ತೆ, ಆದ್ದರಿಂದ ಶಾಲೆ ನಡೆಯುವಾಗಲೇ ಹೋಗಿ. ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೂ ಅದೇ ಓಡಾಟದಲ್ಲಿ ಮುಗಿಸಿ. ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಇದನ್ನು ಬಿಟ್ಟರೆ ಕೈಯಲ್ಲಿದ್ದ ಬುತ್ತಿ ಬಸ್ಸಿನಲ್ಲಿ ಮರೆತು ಬಂದ ಹಾಗೆ.

ಜಾತಿ ಪ್ರಮಾಣಪತ್ರದಲ್ಲೂ ಒಂದು ತೊಡಕಿದೆ. ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ್ದೇ ಸಾಕು ಅಂದುಕೊಳ್ಳಬೇಡಿ. ನೌಕರಿಗೆ ಬೇರೆ ನಮೂನೆ ಕೇಳುತ್ತಾರೆ, 2ಎ, 2ಬಿ, 3ಎ, 3ಬಿ ಅವರಿಗೆ ನಮೂನೆ ಎಫ್, ಪ್ರವರ್ಗ 1ಕ್ಕೆ ಇ, ಎಸ್‌ಸಿ ಎಸ್‌ಟಿಗೆ ಡಿ. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ ಅವರಿಗೂ ತಹಶೀಲ್ದಾರರಿಂದ ಮೇಲ್‌ಸ್ತರಕ್ಕೆ (ಕ್ರೀಮಿ ಲೇಯರ್) ಸೇರಿಲ್ಲ ಅನ್ನುವ ಪತ್ರ ಬೇಕು. ನಾಡಕಚೇರಿಯಲ್ಲಿ "ಯಾವುದಕ್ಕ ಬೇಕು?" ಅಂತ ಕೇಳಿದಾಗ "ನೌಕರಿಗೆ ರೀ" ಅಂತ ಬಾಯಿ ಬಿಟ್ಟು ಹೇಳಿ.

ಬಾಗಲಕೋಟೆ ಕಡೆಯವರಿಗೆ ಇನ್ನೊಂದು. ಆಲಮಟ್ಟಿ ಹಿನ್ನೀರಿನಲ್ಲಿ ನಿಮ್ಮ ಮನೆ, ಹೊಲ ಮುಳುಗಿದ್ದರೆ, ಅಜ್ಜನ ಕಾಲದಲ್ಲಿ ಆಗಿದ್ದರೂ ಸರಿ, ಯೋಜನೆಯಿಂದ ಸ್ಥಳಾಂತರಗೊಂಡ ಕುಟುಂಬದವರಿಗೆ ಗ್ರೂಪ್ ಸಿ ಹುದ್ದೆಗಳಲ್ಲಿ ಮೀಸಲಾತಿ ಇದೆ, ನಿಮಗೆ ಅನ್ವಯ ಆಗುತ್ತಾ ಅಂತ ವಿಚಾರಿಸಿ. ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರದಲ್ಲಿ ಮೂವತ್ತು ವರ್ಷದಿಂದ ಇರುವ ಮನೆಯ ಹುಡುಗರಿಗೇ ಇದು ಗೊತ್ತಿರಲ್ಲ. ಅಪ್ಪನ ಟ್ರಂಕಿನಲ್ಲಿ ಪರಿಹಾರದ ಹಳೇ ಕಾಗದ ಇರುತ್ತೆ, ಹುಡುಕಿ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಫೋನಿನಲ್ಲಿ ಒಂದು ಕಡೆ ಇಡಿ. ಹೆಸರಿನ ಸ್ಪೆಲಿಂಗ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಡಿಗ್ರಿ ಮೂರರಲ್ಲೂ ಒಂದೇ ಇದೆಯಾ ನೋಡಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೇದರಲ್ಲಿ ಇರುವುದೇ ಇಲ್ಲ. ಈಗಲೇ ಸರಿ ಮಾಡಿಸಿ.

ಯುವನಿಧಿ: ನಾಚಿಕೆ ಬೇಡ

ಇದು ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. 2024ರ ಜನವರಿಯಿಂದ ಹಣ ಕೊಡಲು ಶುರು ಮಾಡಿದರು. ಪಾಸಾಗಿ 6 ತಿಂಗಳಾದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಿರಬಾರದು, ಕರ್ನಾಟಕದಲ್ಲೇ ಕನಿಷ್ಠ 6 ವರ್ಷ ಓದಿರಬೇಕು. ಅರ್ಜಿ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ. ಅಥಣಿ, ನಿಪ್ಪಾಣಿ, ಚಡಚಣ ಕಡೆಯವರು ಕೆಲವು ವರ್ಷ ಮಹಾರಾಷ್ಟ್ರದಲ್ಲಿ ಓದಿರುತ್ತಾರೆ, ಅಂಥವರು 6 ವರ್ಷದ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಹಣ ಒಂದೆರಡು ತಿಂಗಳು ಬಂದು ನಿಂತು ಹೋಯಿತು ಅಂತ ದೂರುವವರನ್ನು ಕೇಳಿ ನೋಡಿದರೆ, ಎಷ್ಟೋ ಜನ "ನನಗಿನ್ನೂ ಕೆಲಸ ಸಿಕ್ಕಿಲ್ಲ" ಅನ್ನುವ ಸ್ವಯಂ ಘೋಷಣೆಯನ್ನೇ ಕೊಟ್ಟಿರಲ್ಲ. ಒಮ್ಮೆ ಅರ್ಜಿ ಹಾಕಿದರೆ ಮುಗಿಯಲ್ಲ, ಘೋಷಣೆ ಮತ್ತೆ ಮತ್ತೆ ಕೊಡಬೇಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಕೆಲಸ ಸಿಕ್ಕಿದರೆ ತಿಳಿಸಿಬಿಡಿ, ಸುಳ್ಳು ಹೇಳಿ ತೆಗೆದುಕೊಂಡರೆ ದಂಡ ಇದೆ.

ಈ 3,000ವನ್ನು ಮನೆ ಖರ್ಚಿನ ಜೊತೆ ಕಲಸಬೇಡಿ. ಬೇರೆ ಖಾತೆಯಲ್ಲಿಟ್ಟು ಪರೀಕ್ಷೆ ಫೀಸು, ಬಸ್ ಚಾರ್ಜು, ಟೈಪಿಂಗ್ ಅಥವಾ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು) ಕ್ಲಾಸು ಇಷ್ಟಕ್ಕೆ ಮಾತ್ರ ಅಂತ ಕಟ್ಟು ಮಾಡಿಕೊಳ್ಳಿ. ನಾನು ಓದುವಾಗ ಇದು ಇರಲಿಲ್ಲ, ಪ್ರತಿ ಅರ್ಜಿ ಫೀಸಿಗೂ ಅಪ್ಪನ ಮುಖ ನೋಡಬೇಕಿತ್ತು. ಅದು ಹಣಕ್ಕಿಂತ ದೊಡ್ಡ ಕಷ್ಟ.

ಪರೀಕ್ಷೆ ಬರೆಯೋದಾದರೆ

ಬರೆಯಬೇಡಿ ಅಂತ ನಾನು ಹೇಳಲ್ಲ. ನಮ್ಮ ಕಡೆ ಸರ್ಕಾರಿ ನೌಕರಿ ಅಂದರೆ ಬರೀ ಸಂಬಳ ಅಲ್ಲ, ಮಳೆ ಬರಲಿ ಬಿಡಲಿ ತಿಂಗಳಿಗೊಮ್ಮೆ ಬರುವ ಬೆಳೆ ಅದು. ಒಣಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ. ಆದರೆ ಕಣ್ಣು ತೆರೆದುಕೊಂಡು ಇಳಿಯಿರಿ.

545 ಪಿಎಸ್‌ಐ ಹುದ್ದೆಗಳ ಕತೆ ಗೊತ್ತಲ್ಲ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲ್‌ನಲ್ಲಿ ರದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಷ್ಟಪಟ್ಟು ಓದಿ ಬರೆದವನಿಗೆ ಎರಡು ವರ್ಷಕ್ಕೂ ಜಾಸ್ತಿ ಸುಮ್ನೆ ಹೋಯಿತು. ಅದೇ 2024ರ ಅಕ್ಟೋಬರ್‌ನಲ್ಲಿ ಎಸ್‌ಸಿ ಒಳಮೀಸಲಾತಿ ಇತ್ಯರ್ಥ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ರಾಜ್ಯದಲ್ಲಿ 2.5 ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ, ಆದರೂ ಕರೆಯುವುದಿಲ್ಲ ಅಂತ 2025ರಲ್ಲಿ ಧಾರವಾಡದಲ್ಲಿ ಹುಡುಗರು ಬೀದಿಗೆ ಇಳಿದರು. ಇದರಲ್ಲಿ ನಿಮ್ಮ ಕೈಯಲ್ಲಿ ಏನಿತ್ತು? ಏನೂ ಇಲ್ಲ. ಅದಕ್ಕೇ ನಿಮ್ಮ ಗಡುವು ಅವರ ಅಧಿಸೂಚನೆಗೆ ಕಟ್ಟಿಕೊಂಡಿರಬಾರದು.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಯವರಿಗೆ ಇನ್ನೊಂದು ಕೊರಗು ಇದೆ. ಭೀಮಾ ನದಿ ದಾಟಿದರೆ ಅಫಜಲಪುರದವರಿಗೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ (ಹಳೇ ಹೆಸರು ಹೈದರಾಬಾದ್ ಕರ್ನಾಟಕ) ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿ ಇದೆ, ಈ ಕಡೆ ಇಂಡಿ, ಸಿಂದಗಿಯವರಿಗೆ ಇಲ್ಲ. ವಿಜಯಪುರದ ಬಸ್ಸಿನ ಮೇಲೆ ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆ ಅಂತ ದೊಡ್ಡದಾಗಿ ಬರೆದಿರುತ್ತೆ! ಬಸ್ಸು ಅವರದು, ಮೀಸಲಾತಿ ಅವರದು, ಟಿಕೆಟ್ ನಮ್ಮದು. ಇರಲಿ. ಅರ್ಜಿ ಹಾಕುವಾಗ ಹೈದರಾಬಾದ್ ಕರ್ನಾಟಕದ ಹುದ್ದೆ ಎಷ್ಟು, ಉಳಿಕೆ ಮೂಲ ವೃಂದ (ರಾಜ್ಯದ ಉಳಿದ ಭಾಗದ ಹುದ್ದೆ) ಎಷ್ಟು ಅಂತ ಬೇರೆ ಬೇರೆ ನೋಡಿ, ಒಟ್ಟು ಸಂಖ್ಯೆ ನೋಡಿ ಮೋಸ ಹೋಗಬೇಡಿ.

ಈಗ ನಾನು ಮಾಡಿದ ದೊಡ್ಡ ತಪ್ಪು. ನಾನು ಎಫ್‌ಡಿಎ, ಎಸ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಬಿಟ್ಟು ಬೇರೆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೇಂದ್ರದ ಪರೀಕ್ಷೆ ಅಂದರೆ ಇಂಗ್ಲಿಷ್, ಹಿಂದಿ, ನಮಗೆ ಆಗಲ್ಲ ಅಂತ ತಲೆಯಲ್ಲಿ ಕೂತಿತ್ತು. ಈಗ ಹಾಗಿಲ್ಲ. ಗ್ರಾಮೀಣ ಬ್ಯಾಂಕ್ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಕನ್ನಡ ಬರುವುದೇ ಅಲ್ಲಿ ಅರ್ಹತೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯೂ ಕನ್ನಡದಲ್ಲಿದೆ. ರೈಲ್ವೆ ಇದೆ. ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಗಣಿತ, ತರ್ಕ, ಸಾಮಾನ್ಯ ಜ್ಞಾನ ಇವೆಲ್ಲದಕ್ಕೂ ಹೆಚ್ಚು ಕಡಿಮೆ ಒಂದೇ. ಒಂದೇ ಓದಿನಲ್ಲಿ ನಾಲ್ಕು ಬಾಗಿಲು ಬಡಿಯಬಹುದು. ಬ್ಯಾಂಕ್ ಪರೀಕ್ಷೆಗೆ ವಯಸ್ಸು ಬೇಗ ಮುಗಿಯುತ್ತೆ, ಸಾಮಾನ್ಯವಾಗಿ 28, ಮೀಸಲಾತಿ ಇದ್ದರೆ ಸ್ವಲ್ಪ ಜಾಸ್ತಿ, ಆದ್ದರಿಂದ ಅದನ್ನು ಮೊದಲು ಬರೆಯಿರಿ. ರಾಜ್ಯದ ಪರೀಕ್ಷೆಗೆ ಇನ್ನೂ ವರ್ಷ ಇರುತ್ತೆ.

ಎಲ್ಲಿ ಕೂತು ಓದುವುದು? ಎಲ್ಲರೂ ಧಾರವಾಡಕ್ಕೆ, ಅಲ್ಲಿ ಕೋಚಿಂಗ್ ಸೆಂಟರ್‌ಗಳಿರುವ ಸಪ್ತಾಪುರಕ್ಕೆ ಹೊರಡುತ್ತಾರೆ. ನಾನು ವಿಜಯಪುರದಲ್ಲೇ ರೂಮು ಮಾಡಿದ್ದೆ. ನನ್ನ ಡೈರಿಯ ಲೆಕ್ಕ: ರೂಮಿನ ನನ್ನ ಪಾಲು 1,800, ಖಾನಾವಳಿ 2,600, ರೀಡಿಂಗ್ ರೂಮ್ 600, ಅರ್ಜಿ, ಓಡಾಟ ಎಲ್ಲ ಸೇರಿ 700. ತಿಂಗಳಿಗೆ 5,700. 34 ತಿಂಗಳು ಇದ್ದೆ. ಕೂಡಿಸಿದರೆ 1,93,800. ಈ ಮೊತ್ತವನ್ನು ನಾನು ಕೂಡಿಸಿದ್ದು ಎಲ್ಲಾ ಮುಗಿದ ಮೇಲೆ, ಒಂದು ಮಧ್ಯಾಹ್ನ, ಊರಿಗೆ ಬಂದು. ಎಷ್ಟೋ ಹೊತ್ತು ಸುಮ್ಮನೆ ಆ ಸಂಖ್ಯೆ ನೋಡುತ್ತಾ ಕೂತಿದ್ದೆ. ಇವತ್ತಿನ ರೇಟು ಅದಕ್ಕಿಂತ ಜಾಸ್ತಿ. ಹೋಗುವ ಮುಂಚೆ ನೀವು ಕೂಡಿಸಿ ನೋಡಿ, ಮನೆಯವರಿಗೂ ತೋರಿಸಿ.

ಮೊದಲ ಆರು ತಿಂಗಳು ಊರಿನಲ್ಲೇ ಓದಲು ಆಗುತ್ತಾ ನೋಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ. ಕೆಲವು ಊರಲ್ಲಿ ಚೆನ್ನಾಗಿವೆ, ಕೆಲವು ಕಡೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುವುದೇ ಒಂದು ಸ್ಪರ್ಧಾತ್ಮಕ ಪರೀಕ್ಷೆ. ಪಿಡಿಒ ಹತ್ತಿರ ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿ, ಒಬ್ಬರೇ ಹೋದರೆ "ನೋಡೋಣು" ಅಂತ ಕಳಿಸುತ್ತಾರೆ.

ಇನ್ನು ಗಡುವು. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಒಂದು ತಾರೀಖು ಬರೆಯಿರಿ, ಇವತ್ತಿನಿಂದ 18 ತಿಂಗಳು ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಪೂರ್ತಿ ಓದು. ಆಮೇಲೆ ಪರೀಕ್ಷೆ ಬಿಡಬೇಕು ಅಂತಲ್ಲ, ಖಾಲಿ ಕೂತು ಓದುವುದನ್ನು ಬಿಡಬೇಕು. "ಈ ಒಂದ್ ನೋಟಿಫಿಕೇಶನ್ ನೋಡಿ ಬಿಡ್ತೀನಿ" ಅನ್ನುವ ಮಾತು ಬಾಯಿಂದ ಬಂತು ಅಂದರೆ ಗಡುವು ದಾಟುತ್ತಿದ್ದೀರಿ ಅಂತಲೇ ಲೆಕ್ಕ. ನಾನು ಅದನ್ನು ಐದು ಸಲ ಹೇಳಿದ್ದೆ.

ಊರ ಸುತ್ತ ಇರುವ ಕೆಲಸ ಕೇಳೋದು ಹೇಗೆ

ನಮ್ಮ ಕಡೆಯ ಬಹಳಷ್ಟು ಕೆಲಸಗಳು ಯಾವ ಆ್ಯಪ್‌ನಲ್ಲೂ ಬರಲ್ಲ. ಬಾಗಿಲಿಗೆ ಹೋಗಿ ಕೇಳಬೇಕು. ಇದನ್ನು ಕಾಲೇಜಿನಲ್ಲಿ ಯಾರೂ ಕಲಿಸಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2021ರ ಫೆಬ್ರುವರಿ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಕಟಾವು ಜೋರಾಗಿತ್ತು. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಿ, ಎರಡು ಮೂರು ವಾರ ನೆರಳಲ್ಲಿ ಒಣಗಿಸಿ, ಬಾಕ್ಸಿಗೆ ತುಂಬಿದ ಮಣೂಕ (ಒಣದ್ರಾಕ್ಷಿ) ಟ್ರ್ಯಾಕ್ಟರ್‌ಗಟ್ಟಲೆ ಕೋಲ್ಡ್ ಸ್ಟೋರೇಜಿಗೆ ಬರುತ್ತಿತ್ತು. ನಾನು ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿಗೆ ಹೋಗಿ ನಿಂತೆ. ಮಾಲಕರು ತಲೆ ಎತ್ತಲಿಲ್ಲ.

"ಟ್ಯಾಲಿ ಬರ್ತದೇನು?"

"ಬಿ.ಕಾಂ ಆಗೇತ್ರಿ."

"ಬಿ.ಕಾಂ ಅಲ್ಲೋ ತಮ್ಮಾ. ಟ್ಯಾಲಿ."

ಬರುತ್ತಿರಲಿಲ್ಲ. ಮೂರು ವರ್ಷದ ಡಿಗ್ರಿ, ಮೇಲೆ ಮೂರು ವರ್ಷದ ಓದು, ಅವರು ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಇಲ್ಲ. "ಹದಿನೈದು ದಿನ ಬರ್ತೀನ್ರಿ, ರಜಿಸ್ಟರ್ ಬರೀತೀನಿ, ಟ್ಯಾಲಿ ಕಲೀತೀನಿ, ನಿಮಗ ಸರಿ ಅನಿಸಿದ್ರ ಇಟ್ಕೋರಿ" ಅಂದೆ. ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ಆಮೇಲೆ ನಾನು ಎಲ್ಲರಿಗೂ ಇದನ್ನೇ ಹೇಳಿಕೊಡುತ್ತಿದ್ದೇನೆ. ಮೊದಲ ವಾರವೇ ಒಂದು ಲಾಟನ್ನು ಎರಡು ಸಲ ಬರೆದೆ, 240 ಬಾಕ್ಸು ಕಾಗದದಲ್ಲಿ ಜಾಸ್ತಿ, ಗೋದಾಮಿನಲ್ಲಿ ಇಲ್ಲ. ರೈತ ಬಂದು ನಿಂತಾಗ ಬೆವರಿಳಿಯಿತು. ಅವತ್ತಿನಿಂದ ಲಾಟ್ ನಂಬರಿನ ಪಕ್ಕ ಗೇಟ್ ಪಾಸ್ ನಂಬರ್ ಬರೆಯುವ ಅಭ್ಯಾಸ ಮಾಡಿದೆ, ಮಾಲಕರಿಗೆ ಅದೇ ಹಿಡಿಸಿತು. ಸಂಬಳ 9,000. ಸಂಜೆ ಜಿಎಸ್‌ಟಿ ಕಲಿತೆ. ಈಗ ಸಣ್ಣ ಪುಟ್ಟ ಹನ್ನೊಂದು ಅಂಗಡಿ, ವ್ಯಾಪಾರಿಗಳ ಲೆಕ್ಕ ನೋಡುತ್ತೇನೆ.

ನೀವು ಹೋಗುವಾಗ ಇಷ್ಟು ನೆನಪಿಡಿ. ಬೆಳಿಗ್ಗೆ 11ರ ಮೇಲೆ ಅಥವಾ ಸಂಜೆ 4ರ ಮೇಲೆ ಹೋಗಿ, ಸಂತೆ ದಿನ ಬೇಡ. ಒಂದೇ ಪುಟದ ಬಯೋಡೇಟಾ ಸಾಕು, ಅದರಲ್ಲಿ "ಹವ್ಯಾಸ: ಕ್ರಿಕೆಟ್" ಬದಲು ಏನು ಮಾಡಲು ಬರುತ್ತೆ ಅಂತ ಬರೆಯಿರಿ: ಕನ್ನಡ ಟೈಪಿಂಗ್, ಎಕ್ಸೆಲ್, ಟ್ಯಾಲಿ, ಬೈಕ್ ಲೈಸೆನ್ಸ್, ಮರಾಠಿ. ಹೌದು, ಮರಾಠಿ. ಸಾಂಗಲಿ, ಸೊಲ್ಲಾಪುರದ ವ್ಯಾಪಾರಿ ಫೋನ್ ಮಾಡಿದಾಗ ಮಾತಾಡುವವರು ಬೇಕಿರುತ್ತೆ, ಬೆಳಗಾವಿಯಲ್ಲಂತೂ ಕೇಳುವುದೇ ಬೇಡ. ಪುಕ್ಕಟೆ ಕಲಿಯುವುದು ಹದಿನೈದು ದಿನ ಮಾತ್ರ. ಹದಿನಾರನೇ ದಿನ "ಪಗಾರ ಹೆಂಗ್ರಿ?" ಅಂತ ಕೇಳಿ. ಮೂರು ತಿಂಗಳು ಪುಕ್ಕಟೆ ದುಡಿಸಿಕೊಳ್ಳುವವರೂ ಇದ್ದಾರೆ.

ಎಲ್ಲಿ ಕೇಳುವುದು ಅಂದರೆ ನಿಮ್ಮ ಡಿಗ್ರಿ, ನಿಮ್ಮ ಊರು ನೋಡಿ. ಬಿ.ಎಸ್ಸಿ ಕೆಮಿಸ್ಟ್ರಿ ಆಗಿದ್ದರೆ ಮುಧೋಳ, ಜಮಖಂಡಿ, ಗೋಕಾಕ, ಚಿಕ್ಕೋಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಲ್ಯಾಬ್‌ಗೆ ಜನ ಬೇಕಾಗುತ್ತೆ. ಕಬ್ಬು ನುರಿಸುವುದು ದೀಪಾವಳಿ ಆಸುಪಾಸು ಶುರು, ಆದ್ದರಿಂದ ಮಹಾನವಮಿಗಿಂತ ಮುಂಚೆ ಹೋಗಿ ಕೇಳಿ, ಸೀಸನ್ ಶುರುವಾದ ಮೇಲೆ ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಡಿಪ್ಲೊಮಾ, ಬಿ.ಇ. ಮೆಕ್ಯಾನಿಕಲ್ ಆಗಿದ್ದರೆ ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿ, ಮಷೀನ್ ಶಾಪ್‌ಗಳನ್ನು ಒಂದು ವಾರ ನಡೆದು ಸುತ್ತಿ. ಬಿಸಿಲು, ಮಸಿ, ಸದ್ದು, ಎಲ್ಲಾ ಇದೆ. ಕೆಲಸವೂ ಇದೆ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯವರಾದರೆ ಮನೆಯಲ್ಲಿ ನೇಯುವವರು ಇರುತ್ತಾರೆ, ಸೀರೆಯ, ಖಣದ ಫೋಟೊ ಚೆನ್ನಾಗಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಗಿರಾಕಿ ಹಿಡಿದು ಕೊರಿಯರ್ ಮಾಡುವ ಹುಡುಗಿಯರು ಈಗ ಅಲ್ಲಿ ಇದ್ದಾರೆ, ಅವರ ಹತ್ತಿರ ಎರಡು ದಿನ ಕೂತು ನೋಡಿ.

ಅಪ್ರೆಂಟಿಸ್ ಅಂದರೆ ಐಟಿಐ ಅವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಡಿಗ್ರಿ ಮುಗಿಸಿದವರಿಗೂ ಇದೆ, ಬಿ.ಎ., ಬಿ.ಕಾಂಗೂ ಇದೆ. ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು, ಡಿಗ್ರಿ ಮುಗಿದು 5 ವರ್ಷದೊಳಗೆ. ಒಂದು ವರ್ಷ ಕಲಿಕೆ. 2019ರ ನಿಯಮದಲ್ಲಿ ಪದವೀಧರರಿಗೆ ಕನಿಷ್ಠ ತಿಂಗಳಿಗೆ 9,000 ರೂಪಾಯಿ ಅಂತ ಇಟ್ಟಿದ್ದರು. ಕೊನೆಗೆ ಕೆಲಸ ಕೊಟ್ಟೇ ಕೊಡುತ್ತಾರೆ ಅಂತಿಲ್ಲ, ಆದರೆ "ಅನುಭವ ಇದೆಯಾ" ಅನ್ನುವ ಪ್ರಶ್ನೆಗೆ ಒಂದು ಕಾಗದ ಕೈಗೆ ಬರುತ್ತೆ.

ಬಿ.ಎ. ಆದವರು ಬೇರೇನೂ ತೋಚದೆ ಬಿ.ಎಡ್ ಸೇರುತ್ತಾರೆ. ಪಾಠ ಮಾಡುವುದು ಇಷ್ಟ ಇದ್ದರೆ ಸೇರಿ. ಹೊತ್ತು ಹೋಗಲಿ ಅಂತ ಸೇರಿದರೆ ಎರಡು ವರ್ಷ, ಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ), ಮೇಲೆ ಮತ್ತೆ ಅದೇ ಕಾಯುವುದು.

ಸ್ವಂತದ್ದು ಏನಾದರೂ ಮಾಡುವ ಮನಸ್ಸಿದ್ದರೆ

ಸಾಲದಿಂದ ಶುರು ಮಾಡಬೇಡಿ, ಕಲಿಯುವುದರಿಂದ ಶುರು ಮಾಡಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಜಿಲ್ಲೆಗೊಂದರಂತೆ ಇವೆ, ವಿಜಯಪುರದಲ್ಲಿ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಮಾದರಿ ಇದು. ಊಟ, ವಸತಿ, ತರಬೇತಿ ಎಲ್ಲಾ ಪುಕ್ಕಟೆ. ಮೊಬೈಲ್ ರಿಪೇರಿ, ಹೈನುಗಾರಿಕೆ, ಹೊಲಿಗೆ, ಸಿಸಿಟಿವಿ ಹಾಕುವುದು ಇಂಥವು. ಡಿಗ್ರಿ ಮಾಡಿ ಮೊಬೈಲ್ ರಿಪೇರಿನಾ ಅಂತ ಅನಿಸುತ್ತೆ, ಗೊತ್ತು. ಬಸ್ ಸ್ಟ್ಯಾಂಡ್ ಎದುರಿನ ರಿಪೇರಿಯವನು ದಿನಕ್ಕೆ ಎಷ್ಟು ಮಾಡುತ್ತಾನೆ ಕೇಳಿ ನೋಡಿ, ಆಮೇಲೆ ಮಾತಾಡೋಣ.

ಸಾಲ ಬೇಕಾದರೆ ಪಿಎಂಇಜಿಪಿ ಅನ್ನುವ ಕೇಂದ್ರದ ಸ್ವ ಉದ್ಯೋಗ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಹಿಂದುಳಿದವರಿಗೆ ಶೇ. 35 ಸಬ್ಸಿಡಿ ಇದೆ. ಆದರೆ ಸಬ್ಸಿಡಿ ಕೈಗೆ ಬರಲ್ಲ, ಬ್ಯಾಂಕಿನಲ್ಲಿ ಠೇವಣಿಯಾಗಿ ಕೂರುತ್ತೆ, ಮೂರು ವರ್ಷ ಉದ್ಯಮ ನಡೆದ ಮೇಲೆ ಸಾಲಕ್ಕೆ ಜಮಾ ಆಗುತ್ತೆ. "ಸಬ್ಸಿಡಿ ಬಿಡಿಸಿ ಕೊಡ್ತೀನಿ, ಅದರಾಗ ನನಗ ಇಷ್ಟು" ಅನ್ನುವವನ ಸಹವಾಸವೇ ಬೇಡ. ಒಂದು ಸೀಸನ್ ಬೇರೆಯವರ ಕೈ ಕೆಳಗೆ ಅದೇ ಕೆಲಸ ಮಾಡಿ ನೋಡದೆ ಸಾಲಕ್ಕೆ ಸಹಿ ಹಾಕಬೇಡಿ. ನನ್ನ ಗೆಳೆಯ ಒಬ್ಬ ನಿಂಬೆ ಉಪ್ಪಿನಕಾಯಿಗೆ ಮಷೀನು ತಂದ, ಇಂಡಿಯಲ್ಲಿ ನಿಂಬೆಗೇನು ಕಡಿಮೆ ಅಂತ. ನಿಂಬೆಗೆ ಕಡಿಮೆ ಇರಲಿಲ್ಲ, ಅಂಗಡಿಯವರು ಎರಡು ತಿಂಗಳ ಉದ್ರಿ ಕೇಳಿದರು.

ಊರು ಬಿಡೋದಾದರೆ

ಬೆಂಗಳೂರಿಗೆ ಅಂತ ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಹತ್ತುವ ಹುಡುಗರನ್ನು ನೋಡಿ ಬೈಯುವವರಲ್ಲಿ ನಾನಿಲ್ಲ. ಹೋಗಿ. ಆದರೆ ಎರಡು ತಿಂಗಳ ಊಟ, ವಸತಿಯ ದುಡ್ಡು ಕೈಯಲ್ಲಿ ಇಟ್ಟುಕೊಂಡು ಹೋಗಿ, ಇಲ್ಲದಿದ್ದರೆ ಮೊದಲು ಸಿಕ್ಕ ಕೆಟ್ಟ ಕೆಲಸಕ್ಕೇ ಒಪ್ಪಿಕೊಳ್ಳಬೇಕಾಗುತ್ತೆ. ಆಫರ್ ಲೆಟರ್ ಕೇಳಿ, ಪಿಎಫ್ ಇದೆಯಾ ಕೇಳಿ. ಪುಣೆ, ಕೊಲ್ಲಾಪುರ, ಗೋವಾ ನಮಗೆ ಬೆಂಗಳೂರಿಗಿಂತ ಹತ್ತಿರ ಅನ್ನುವುದನ್ನೂ ಮರೆಯಬೇಡಿ.

ಕೆಲಸ ಕೊಡಿಸಲು ಮೊದಲೇ ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ರಿಜಿಸ್ಟ್ರೇಶನ್ ಫೀ, ಯೂನಿಫಾರ್ಮ್ ಡಿಪಾಸಿಟ್, ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿ ದಿನಕ್ಕೆ 2,000, "ಸಾಹೇಬರು ನಮ್ಮವರೇ, ಮೂರು ಲಕ್ಷ ರೆಡಿ ಇಟ್ಕೊ", ಎಲ್ಲಾ ಒಂದೇ ಜಾತಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ವಾಪಸ್ ಸಿಗುವ ಸಾಧ್ಯತೆ ಜಾಸ್ತಿ.

ಮನೆಯಲ್ಲಿ

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಅಪ್ಪನ ಜೊತೆ ಒಂದು ಸಲ ಕೂತು ಮಾತಾಡಿ, ಗಡುವಿನ ತಾರೀಖು, ತಿಂಗಳ ಖರ್ಚು ಎರಡನ್ನೂ ಬಾಯಿ ಬಿಟ್ಟು ಹೇಳಿ. ನಾನು ಹೇಳಲು ಹೆದರಿದ್ದೆ. ಹೇಳಿದ ದಿನ ಅಪ್ಪ ಬೈಯಲಿಲ್ಲ, "ಮೊದಲ ಹೇಳಬೇಕಿಲ್ಲೇನು?" ಅಂದರು ಅಷ್ಟೇ.

ಹುಡುಗಿಯರಿಗೆ ಗಡುವನ್ನು ಬೇರೆಯವರೇ ಹಾಕಿಬಿಡುತ್ತಾರೆ. ನನ್ನ ತಂಗಿಗೆ "ಈ ವರ್ಷ ನೋಡೋಣು, ಇಲ್ಲಾಂದ್ರ ಮದುವಿ" ಅಂತ ಅತ್ತಿ ಹೇಳಿಯಾಗಿತ್ತು. ಅವಳು ವಾದ ಮಾಡಲಿಲ್ಲ. ಸಿಟಿಯಲ್ಲಿ ಒಂದು ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ರಿಸೆಪ್ಶನ್ ಕೆಲಸ ಹಿಡಿದಳು, 7,500 ಸಂಬಳ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಹಾಗಾಗಿ ಊರಿಂದಲೇ ಓಡಾಡಿದಳು, ಸಂಬಳ ಪೂರ್ತಿ ಉಳಿಯಿತು. ಎರಡು ತಿಂಗಳು ಮನೆಯ ಕಿರಾಣಿ ಅವಳ ದುಡ್ಡಲ್ಲಿ ಬಂದ ಮೇಲೆ ಮದುವೆ ಮಾತು ತಾನಾಗೇ ಮುಂದಕ್ಕೆ ಹೋಯಿತು. ಬಸ್ಸಿನಲ್ಲಿ ಹೋಗಿ ಬರುವ ಎರಡು ತಾಸು ಓದುತ್ತಾಳೆ.

ರಾತ್ರಿ ನಿದ್ದೆ ಬರದೆ, ಯಾರ ಮುಖವೂ ನೋಡುವುದು ಬೇಡ ಅನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ರೀಡಿಂಗ್ ರೂಮಿನಲ್ಲಿ ಪಕ್ಕದಲ್ಲಿ ಕೂತವನು ನಾಲ್ಕು ದಿನ ಬರಲಿಲ್ಲ ಅಂದರೆ ರೂಮಿಗೆ ಹೋಗಿ ನೋಡಿ ಬನ್ನಿ.

ನನ್ನ ಗಡುವು ಮುಗಿದ ಮೇಲೆ ಪುಸ್ತಕಗಳನ್ನು ಊರಿನ ಅರಿವು ಕೇಂದ್ರಕ್ಕೆ ಕೊಟ್ಟೆ. ಗ್ರಾಮೀಣ ಪ್ರಮಾಣಪತ್ರದ ಕತೆ ಹೇಳಿದೆನಲ್ಲ, ಆ ರೂಮ್‌ಮೇಟ್ ಮಾತ್ರ ಪುಸ್ತಕ ಕೊಡಲಿಲ್ಲ. ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಯ ಲ್ಯಾಬ್ ಸೇರಿದ, ಪಾಳಿ ಮುಗಿಸಿ ಬಂದು ಎರಡು ತಾಸು ಓದುತ್ತಿದ್ದ. ಮುಂದಿನ ಸಲ ಹಾಲ್ ಟಿಕೆಟ್ ಬಂದಾಗ ಪರೀಕ್ಷೆಯ ದಿನವೇ ಎರಡನೇ ಪಾಳಿ ಬಿದ್ದಿತ್ತು. ಜೊತೆಗಾರನ ಹತ್ತಿರ ಪಾಳಿ ಬದಲಿ ಮಾಡಿಕೊಂಡು, ರಾತ್ರಿ ಬಸ್ಸಿಗೆ ಹೋಗಿ ಬರೆದು ಬಂದ. ಈಗ ಅವನು ಎಸ್‌ಡಿಎ. ದಾಖಲಾತಿ ಪರಿಶೀಲನೆಗೆ ಹೋಗುವ ಹಿಂದಿನ ದಿನ ಎಲ್ಲಾ ಪ್ರಮಾಣಪತ್ರದ ಫೋಟೊ ನನಗೆ ಕಳಿಸಿ, "ತಾರೀಖು ಒಮ್ಮೆ ನೋಡೋ" ಅಂದಿದ್ದ.